ನೇಕಾರರ ಹೆಬ್ಬೆರಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಮಕ್ತಲ್ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯಳಾಗಿ ಬಂದ ಮೊದಲ ವರ್ಷ ಅದರ ಬಿಸಿ ಹೆಚ್ಚು ತಟ್ಟಿದ್ದು ಒಬ್ಬ ನೇಕಾರರಿಗೆ. ಐವತ್ತು ದಾಟಿದವರು. ಸಕ್ಕರೆ ಕಾಯಿಲೆ, ಬಲಗಾಲಿನ ಹೆಬ್ಬೆರಳ ಕೆಳಗೆ ರೂಪಾಯಿ ಅಗಲದ ಹುಣ್ಣು. ಮೂರು ತಿಂಗಳಾದರೂ ಮಾಯಲಿಲ್ಲ. ಇನ್ನಷ್ಟು ಕೆಟ್ಟರೆ ಬೆರಳು ತೆಗೆಯಬೇಕಾಗುತ್ತಿತ್ತು. ಅದು ಬೆರಳಿಗೇ ನಿಲ್ಲುತ್ತದೆಂಬ ಭರವಸೆಯೂ ಇರಲಿಲ್ಲ.

"ಚಪ್ಪಲಿ ಹಾಕ್ಕೋರಿ ಅಂತ ಎಷ್ಟು ಸಲ ಹೇಳ್ಲಿ?" ಎಂದು ಬಂದಾಗಲೆಲ್ಲ ಗದರುತ್ತಿದ್ದೆ. ಅವರು ಕಾಲು ಮುಂದೆ ಚಾಚಿ, "ಹಾಕ್ಕೊಂಡೀನಲ್ರೀ" ಅನ್ನುತ್ತಿದ್ದರು. ನರ್ಸು ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಅವರ ಓಣಿಯವಳೇ ಆದ ಆಶಾ ಕಾರ್ಯಕರ್ತೆ ಅವರನ್ನು ಕರೆತಂದು, ಕರೆದುಕೊಂಡು ಹೋಗುತ್ತಿದ್ದಳು. ನಾವು ಮೂವರೂ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಲೆ ಹಾಕುತ್ತಿರಲಿಲ್ಲ. ಅದನ್ನೇ ನಾನು ಶಿಸ್ತು ಅಂದುಕೊಂಡಿದ್ದೆ.

ಆಗ ನಾರಾಯಣಪೇಟೆಯಲ್ಲಿ ಎರಡು ದಿನದ ತರಬೇತಿ ಇಟ್ಟರು. ಡಾಕ್ಟರು, ನರ್ಸು, ಆಶಾ ಎಲ್ಲರೂ ಒಟ್ಟಿಗೆ ಕೆಲಸ ಮಾಡುವುದನ್ನು ಕಲಿಯಬೇಕಂತೆ. ರೋಗಿಗಳನ್ನು ಬಿಟ್ಟು ಇದೆಂಥ ಶೋಕಿ ಎಂದು ಗೊಣಗುತ್ತಲೇ ಹೋದೆ. ಅಲ್ಲಿ ಜಮಖಾನ ಹಾಸಿ ಎಲ್ಲರನ್ನೂ ನೆಲದ ಮೇಲೆ ಕೂರಿಸಿದರು. ನಿಮ್ಮ ಕೈಯಲ್ಲಿ ವಾಸಿಯಾಗದ ಒಬ್ಬ ರೋಗಿಯ ಬಗ್ಗೆ ಮಾತಾಡಿ, ಆದರೆ ಡಾಕ್ಟರ ಸರದಿ ಕೊನೆಗೆ ಅಂದರು. ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಉಪವಾಸಕ್ಕಿಂತ ಕಷ್ಟ.

ನರ್ಸು ನೇಕಾರರ ಮಾತು ತೆಗೆದಳು. "ನಾ ಕಟ್ಟಿದ ಪಟ್ಟಿ ಪ್ರತಿ ಸಲ ಬಿಚ್ಚಿ ಮತ್ತ ಕಟ್ಟಿದಂಗ ಇರ್ತೈತ್ರಿ. ಯಾಕಂತ ತಿಳೀವಲ್ದು."

"ಮಗ್ಗಕ್ಕ ಇಳಿಯೋ ಮುಂದ ಬಿಚ್ತಾರ್ರಿ," ಎಂದಳು ಆಶಾ, ಮೆಲ್ಲಗೆ. "ಮಗ್ಗ ಅವ್ರಿಗೆ ದೇವ್ರು. ಚಪ್ಪಲಿ ಹಾಕ್ಕೊಂಡು ಮಗ್ಗದ ಕುಣ್ಯಾಗ ಕಾಲಿಡಂಗಿಲ್ಲ. ಕೀವು ಹತ್ತಿದ ಪಟ್ಟಿನೂ ನಡಿಯಂಗಿಲ್ಲ. ದಿನಾ ಎಂಟು ತಾಸು ಬರಿಗಾಲಿಲೆ ಹಲಗಿ ತುಳೀತಾರ್ರಿ."

ನನ್ನ ಸರದಿಗೆ ಕಾಯಲಾಗಲಿಲ್ಲ. "ಇಷ್ಟು ದಿನ ಗೊತ್ತಿದ್ದೂ ಯಾಕ ಹೇಳ್ಲಿಲ್ಲ?" ಎಂದು ಸಿಡುಕಿದೆ.

"ನೀವು ಕೇಳಿದ್ರ ಹೇಳ್ತಿದ್ದೆ ರೀ."

ನನಗೆ ನಾಚಿಕೆಯಾಯಿತು. ನನ್ನ ಸಿಟ್ಟು ನಿಜವಾಗಿ ನನ್ನ ಮೇಲೆಯೇ ಎಂದು ಒಪ್ಪಿಕೊಳ್ಳುವಷ್ಟರಲ್ಲಿ ಊಟದ ಹೊತ್ತಾಗಿತ್ತು.

ತರಬೇತಿ ಮುಗಿದ ಮರುದಿನ ಮೂವರೂ ಅವರ ಮನೆಗೆ ಹೋದೆವು. ನೆಲದಲ್ಲಿ ತೋಡಿದ ಕುಣಿ, ಅದರ ಅಂಚಿಗೆ ಕೂತು ಕಾಲು ಇಳಿಬಿಟ್ಟು ನೇಯಬೇಕು. ನರ್ಸು ಮೊಬೈಲಿನ ಬೆಳಕು ಹಾಕಿ ಒಳಗೆ ಬಗ್ಗಿದಳು. ಕಾಲಿನಿಂದ ತುಳಿಯುವ ಹಲಗೆಯ ಅಂಚು ಚಕ್ಕೆ ಎದ್ದಿತ್ತು. ಸರಿಯಾಗಿ ಹುಣ್ಣಿನ ಜಾಗಕ್ಕೇ ಉಜ್ಜುತ್ತಿತ್ತು. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಕಾಲಿಗೆ ಅದು ತಿಳಿದಿರಲೇ ಇಲ್ಲ.

ಹುಣ್ಣು ಮಾಯುವವರೆಗೆ ತುಳಿಯಕೂಡದು ಎಂದೆ. ನೇಕಾರರ ಮುಖ ಇಳಿಯಿತು. ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ಆಶಾ ನೇಕಾರರ ಹೆಂಡತಿಯ ಕಡೆ ತಿರುಗಿದಳು. "ಅಕ್ಕಾ, ತವರಾಗ ಇದ್ದಾಗ ನೀನೂ ನೇಯ್ತಿದ್ದೆಲ್ಲ?"

ಆಕೆ ಸೆರಗಿನ ಮರೆಯಲ್ಲಿ ನಕ್ಕಳು. ಅಂದಿನಿಂದ ಆಕೆ ಮಗ್ಗಕ್ಕೆ ಇಳಿದಳು. ಅದುವರೆಗೆ ಆಕೆ ಮಾಡುತ್ತಿದ್ದ ನೂಲು ಸುತ್ತುವ ಕೆಲಸಕ್ಕೆ ಗಂಡ ರಾಟೆಯ ಮುಂದೆ ಕೂತರು. "ಸೀರಿ ಅಂಚು ಸಡ್ಲ ಬಿಡ್ತಾಳ್ರಿ" ಎಂದು ನಮ್ಮ ಬಳಿ ದೂರು ಬೇರೆ. ಪಟ್ಟಿ ಕಟ್ಟುವುದನ್ನು ನರ್ಸು ಆಶಾಗೆ ಕಲಿಸಿದಳು, ಆಶಾ ದಿನ ಬಿಟ್ಟು ದಿನ ಹೋಗಿ ಕಟ್ಟಿದಳು. ಹಲಗೆಯನ್ನು ಬಡಗಿ ನುಣುಪು ಮಾಡಿದ. ಕುಣಿಗೆಂದೇ ಬೇರೆ ಮಡಿ ಕಾಲುಚೀಲ ಹೊಲಿಸಲು ಮನೆಯವರು ಒಪ್ಪಿದರು. ನಾನು ಮಾಡಿದ್ದು ಮಾತ್ರೆ ಬದಲಿಸಿದ್ದಷ್ಟೇ.

ಎರಡು ತಿಂಗಳ ಮೇಲೆ ಮತ್ತೆ ಹೋದಾಗ ಹುಣ್ಣು ಪೂರ್ತಿ ಮುಚ್ಚಿತ್ತು. ಐದೂ ಬೆರಳು ಇದ್ದವು. ಆ ಖುಷಿಯಲ್ಲೇ "ನಾಳಿಂದ ಮಗ್ಗಕ್ಕ ಇಳೀರಿ" ಎಂದು ಹೇಳಿ, ಚೀಟಿಯಲ್ಲೂ ಹಾಗೇ ಬರೆದೆ.

"ಬ್ಯಾಡ್ರಿ ಮೇಡಂ," ಎಂದಳು ಆಶಾ. "ಮಗ್ಗದ ಮ್ಯಾಲೆ ಈಗ ಇನ್ನೊಂದು ಸೀರಿ ಐತಿ, ಮುಗಸೋ ಗಡಿಬಿಡಿ. ಈಗ ಕುಂತ್ರ ಇವ್ರು ಏಳಂಗಿಲ್ಲ. ಹೊಸಾ ಚರ್ಮ ಐತಿ, ಇನ್ನೊಂದು ವಾರ ತಡೀಲಿ."

ಈ ಸಲ ನಾನು ಕೇಳದೆಯೇ ಅವಳು ಹೇಳಿದ್ದಳು. ಚೀಟಿಯಲ್ಲಿ 'ನಾಳೆಯಿಂದ' ಎಂಬುದನ್ನು ಹೊಡೆದು ಹಾಕಿ, 'ಒಂದು ವಾರದ ನಂತರ' ಎಂದು ಬರೆದೆ.