ಬಸಿದ ನೀರು ಚೆಲ್ಲುವ ಪುಸ್ತಕ

ಹೆಣ್ಣು ಕೇಳಲು ಹೋದರೆ ಕೊಡುವವರು ಕೊಡುತ್ತಾರೆ, ಕೊಡಲು ಮನಸ್ಸಿಲ್ಲದವರು ಜಾತಕ ಕೂಡಲಿಲ್ಲ ಅನ್ನುತ್ತಾರೆ. ಪುಸ್ತಕ ದಾನ ಕೇಳಲು ಹೋದರೆ ಹಾಗಲ್ಲ. ಯಾರೂ ಇಲ್ಲ ಅನ್ನುವುದಿಲ್ಲ. ತಮಗೆ ಬೇಡವಾದದ್ದನ್ನೆಲ್ಲ ಗಂಟು ಕಟ್ಟಿ ಕಳಿಸಿ, ದಾನದ ಪುಣ್ಯವನ್ನೂ ಮನೆಯಲ್ಲಿ ಜಾಗವಾದ ಸುಖವನ್ನೂ ಒಟ್ಟಿಗೇ ಅನುಭವಿಸುತ್ತಾರೆ. ನನಗೆ ಇದು ಗೊತ್ತಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹೊಸೂರಿನ ಹತ್ತಿರದ ಉದ್ದನಪಲ್ಲಿಯ ನಮ್ಮ ಮನೆಯ ಜಗಲಿಯ ಮೇಲೆ ಒಂದು ವಾಚನಾಲಯ ತೆರೆಯುವ ಹುಚ್ಚು ಹತ್ತಿದಾಗ.

ನಾನು ಆಗ ಅಲ್ಲಿನ ಪ್ರಾಥಮಿಕ ಶಾಲೆಯ ಮೇಷ್ಟರು. ಹೊಸೂರು, ಕೃಷ್ಣಗಿರಿ, ಬೆಂಗಳೂರುಗಳಲ್ಲಿದ್ದ ಗೆಳೆಯರಿಗೆಲ್ಲ ಕತೆ, ಕಾದಂಬರಿ, ನಾಟಕ ಏನಿದ್ದರೂ ಸರಿ ಎಂದು ಹೇಳಿ ಕಳಿಸಿದ್ದೆ. ಒಂದು ಮಧ್ಯಾಹ್ನ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸು ಏದುಸಿರು ಬಿಡುತ್ತ ಬಂದು ನಿಂತಿತು, ಅದರ ನೆತ್ತಿಯ ಮೇಲಿಂದ ಒಂದು ಗೋಣಿಚೀಲ ಇಳಿಯಿತು. ಬಿಚ್ಚಿ ನೋಡಿದರೆ ಸಾಬೂನು ಮಾಡುವುದು ಹೇಗೆ, ಉಣ್ಣೆಯ ಹೆಣಿಗೆ, ಪ್ರಾಣಿಗಳ ಚಿತ್ರ ಬರೆಯುವ ಬಗೆ, ಬೆತ್ತದ ಬುಟ್ಟಿ, ಕಸೂತಿ, ಅಡುಗೆ. ಒಂದರಲ್ಲೂ ರಾಜನಿಲ್ಲ, ಕಳ್ಳನಿಲ್ಲ, ಕಣ್ಣೀರಿಡುವ ಒಬ್ಬ ನಾಯಕಿಯೂ ಇಲ್ಲ. ಅಳತೆಯೊಂದು ಸರಿಯಿದ್ದರೆ ಎಲ್ಲ ಪುಸ್ತಕಗಳೂ ಸುಖಾಂತ.

ನಮ್ಮ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಮೂರನ್ನೂ ನೀರು ಕುಡಿದ ಹಾಗೆ ಮಾತಾಡುವ ಜನ, ಓದು ಅಂದರೆ ಮಾತ್ರ ಮೂರರಲ್ಲಿ ಒಂದೂ ಬೇಡ ಅನ್ನುತ್ತಿದ್ದರು. ಅಂಥವರಿಗೆ ಓದಿನ ರುಚಿ ಹತ್ತಿಸಬೇಕಲ್ಲ. ಶುಲ್ಕ ಇಡಲಿಲ್ಲ. ಬದಲಿಗೆ ಒಂದು ಕಟ್ಟಳೆ ಮಾಡಿದೆ: ಪುಸ್ತಕ ಹಿಂದಕ್ಕೆ ತಂದವರು ಜಗಲಿಯ ಮೇಲೆ ಕೂತು, ಅದು ಹೇಗಿತ್ತು ಎಂದು ನಾಲ್ಕು ಜನರ ಮುಂದೆ ಹೇಳಿಯೇ ಹೋಗಬೇಕು. ಪಾಠ ಒಪ್ಪಿಸಿಕೊಳ್ಳುವುದು ಮೇಷ್ಟರ ಚಾಳಿ, ಸುಟ್ಟರೂ ಹೋಗುವುದಿಲ್ಲ. ಆದರೆ ಜನಕ್ಕೆ ಓದುವುದಕ್ಕಿಂತ ಅಭಿಪ್ರಾಯ ಹೇಳುವುದು ಬಹಳ ಹಿಡಿಸಿತು. ಓದದೇ ಇದ್ದವರೂ ಬಂದು ಹೇಳತೊಡಗಿದರು.

ಬಸ್ಸು ನಿಲ್ಲುವ ಕಡೆ ಕಾಫಿ ಹೋಟೆಲಿಟ್ಟಿದ್ದ ವೆಂಕಟಪ್ಪ ಸಾಬೂನಿನ ಪುಸ್ತಕ ಒಯ್ದ. ಅದರಲ್ಲಿ ಹೇಳಿದ ಎಣ್ಣೆಯಾಗಲಿ ಕಾಸ್ಟಿಕ್ ಸೋಡಾ ಆಗಲಿ ಯುದ್ಧದ ದೆಸೆಯಿಂದ ಎಲ್ಲೂ ಸಿಗುತ್ತಿರಲಿಲ್ಲ. ಹಿಂದಕ್ಕೆ ತಂದು, ಪುಸ್ತಕವೇನೋ ಬಲು ಚೆನ್ನಾಗಿದೆ, ಬಟ್ಟೆ ಮಾತ್ರ ಮೊದಲಿನಷ್ಟೇ ಕೊಳೆಯಾಗಿದೆ ಎಂದು ವರದಿ ಒಪ್ಪಿಸಿದ. ಚಿತ್ರ ಬರೆಯುವ ಪುಸ್ತಕವನ್ನು ದನದ ವ್ಯಾಪಾರ ಗೊತ್ತಿದ್ದ ಒಬ್ಬರು ಒಯ್ದರು. ಅದರಲ್ಲಿದ್ದ ಎತ್ತನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಾಯಿ ಮುಚ್ಚಿಸಿ ಬರೆದಿದ್ದಾರೆ, ಹಲ್ಲು ನೋಡದೆ ಹೇಗೆ ಹೇಳುವುದು ಎಂದು ಅಭಿಪ್ರಾಯವನ್ನೇ ಕಾಯ್ದಿರಿಸಿದರು. ಹೆಣಿಗೆಯ ಪುಸ್ತಕ ಧನುರ್ಮಾಸದಲ್ಲಿ ಓಡಾಡಿತು. ನಮ್ಮ ಕಡೆಯ ಆ ಚಳಿ ನಿಮಗೆ ಗೊತ್ತಲ್ಲ, ಬೆಳಿಗ್ಗೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತದೆ. ಉಣ್ಣೆ ಸಿಕ್ಕದ ಕಾಲ. ಅದನ್ನು ಓದಿದ ಮೇಲೆ ಚಳಿ ಇನ್ನೂ ಜಾಸ್ತಿಯಾಯಿತು ಎಂದು ಒಬ್ಬ ಅಜ್ಜಿ ದೂರಿದರು.

ಎಲ್ಲಕ್ಕಿಂತ ಹೆಚ್ಚು ಕೈ ಬದಲಾಯಿಸಿದ್ದು ಅಡುಗೆಯ ಪುಸ್ತಕ. ಮೊದಲ ಹಾಳೆ ಹರಿದಿತ್ತು, ಬರೆದ ತಾಯಿ ಯಾರೋ, ಯಾವ ಊರಿನವರೋ ತಿಳಿಯದು. ಸಕ್ಕರೆಗೆ ರೇಷನ್ನು, ಅಕ್ಕಿಗೆ ರೇಷನ್ನು, ಸೀಮೆಎಣ್ಣೆಗೆ ಸಾಲು. ಇಂಥ ಕಾಲದಲ್ಲಿ ಆ ಪುಸ್ತಕ ತುಪ್ಪವನ್ನು ಸೇರಿನಲ್ಲಿ ಅಳೆಯುತ್ತಿತ್ತು. ಹಿಡಿ ಗೋಡಂಬಿ ಎನ್ನುತ್ತಿತ್ತು, ಕೇಸರಿಯನ್ನು ಹಾಲಿನಲ್ಲಿ ನೆನೆಸಿಡಿ ಎನ್ನುತ್ತಿತ್ತು. ಅಂಚೆ ಮಾಸ್ತರರ ಹೆಂಡತಿ ನಾಗಮ್ಮನವರ ಮನೆಯಲ್ಲಿ ಸಂಜೆ ಹೊತ್ತು ಹೆಂಗಸರೆಲ್ಲ ಸೇರಿ ಅದರ ಸಿಹಿತಿಂಡಿಯ ಭಾಗವನ್ನು ಪುರಾಣದ ಹಾಗೆ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರಂತೆ. ಪಾಕ ಏರುವ ಕಡೆ ಒಬ್ಬಿಬ್ಬರು ಕಣ್ಣು ಮುಚ್ಚುತ್ತಿದ್ದುದೂ ಉಂಟಂತೆ. ಕಾವ್ಯ ಓದಿ ಆಗುವ ಆನಂದಕ್ಕೆ ನಮ್ಮ ಹಿಂದಿನ ಪಂಡಿತರು ರಸ ಎಂದು ಹೆಸರಿಟ್ಟರು. ಆ ಮಾತನ್ನು ಅವರು ಅಡುಗೆಮನೆಯಿಂದಲೇ ಎರವಲು ತಂದದ್ದು, ನನ್ನ ಕೆಲವು ಓದುಗರ ಹಾಗೆ ಹಿಂದಕ್ಕೆ ಕೊಡುವುದನ್ನು ಮರೆತರು. ನಾಗಮ್ಮನವರ ಮನೆಯಲ್ಲಿ ಅದು ಹೇಗೋ ಮತ್ತೆ ಒಲೆಯ ಹತ್ತಿರ ಬಂದು ಸೇರಿತ್ತು.

ಈಗ ನಮ್ಮ ಅಪ್ಪನ ವಿಷಯ ಹೇಳಬೇಕು. ಅಭಿಪ್ರಾಯಗಳ ಈ ಸಂತೆ ನಡೆಯುತ್ತಿದ್ದ ಜಗಲಿಯ ಒಂದು ಮೂಲೆಯಲ್ಲಿ ಅವರು ಕಂಬಕ್ಕೆ ಒರಗಿ ಸುಮ್ಮನೆ ಕೂತಿರುತ್ತಿದ್ದರು. ಹಿಂದಿನ ವರ್ಷದ ಸುಗ್ಗಿಯಲ್ಲಿ ಅಮ್ಮ ತೀರಿಕೊಂಡಿದ್ದಳು. ಅಂದಿನಿಂದ ಅಪ್ಪನಿಗೆ ಊಟ ಬೇಡವಾಯಿತು. ಎಲೆಯ ಮುಂದೆ ಕೂರುವರು, ನಾಲ್ಕು ತುತ್ತು ನುಂಗುವರು, ಸಾಕು ಎಂದು ಏಳುವರು. ಹೊಲ ಉತ್ತು ಗಟ್ಟಿಯಾಗಿದ್ದ ಮೈ, ನೋಡನೋಡುತ್ತ ಹೆಗಲ ಮೂಳೆ ಎದ್ದು ಕಂಡಿತು. ಹೊಸೂರಿನಿಂದ ಡಾಕ್ಟರನ್ನು ಕರೆಸಿದೆ. ಅವರು ನಾಡಿ ಹಿಡಿದು, ಎದೆಗೆ ಕೊಳವೆ ಇಟ್ಟು ನೋಡಿ, ಕಾಯಿಲೆ ಏನೂ ಇಲ್ಲ, ಆದರೆ ಹೀಗೇ ಬಿಟ್ಟರೆ ಬರುವ ಮಳೆಗಾಲ ದಾಟುವುದು ಕಷ್ಟ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ನನಗೆ ಭಯವಾಯಿತು. ತಾಯಿಯನ್ನು ಕಳೆದುಕೊಂಡವನಿಗೆ ಅದರ ಬೆನ್ನಿಗೇ ತಂದೆಯನ್ನೂ ಕಳೆದುಕೊಳ್ಳುವ ಭಯ ಎಂಥದೆಂದು ಬರೆದು ತಿಳಿಸಲಾರೆ.

ನನಗಿಂತ ಹೆಚ್ಚು ಕುಗ್ಗಿದವಳು ನನ್ನ ಹೆಂಡತಿ ರುಕ್ಮಿಣಿ. ಅವಳು ಕೃಷ್ಣಗಿರಿಯ ಕಡೆಯ ಹುಡುಗಿ, ಅವಳ ಕೈಯಲ್ಲಿ ಹುಣಿಸೆಹಣ್ಣು ಸ್ವಲ್ಪ ಮುಂದು. ಅಮ್ಮ ಇರುವ ತನಕ ಅವಳಿಗೆ ಒಲೆಯ ಮುಂದಿನ ಮಣೆ ಸಿಕ್ಕಿರಲಿಲ್ಲ. ಸೊಪ್ಪು ಬಿಡಿಸುವುದು, ತೆಂಗಿನಕಾಯಿ ತುರಿಯುವುದು ಅವಳ ಪಾಲಿನ ಕೆಲಸ. ಈಗ ಮಣೆ ಸಿಕ್ಕಿತ್ತು, ಮಾವ ಉಣ್ಣುತ್ತಿರಲಿಲ್ಲ. ತನ್ನ ಕೈ ಅಡುಗೆ ಸೇರದೆಯೇ ಅವರು ಹೀಗೆ ಸೊರಗುತ್ತಿದ್ದಾರೆ ಎಂದು ಅವಳು ತಿಳಿದಳು. ಅಪ್ಪ ಹಾಗೆಂದು ಬಾಯಿಬಿಟ್ಟು ಹೇಳಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಊಟದ ವಿಷಯದಲ್ಲಿ ಅಪ್ಪ ಹುಟ್ಟಿದಾಗಿನಿಂದ ಬಾಯಿಬಿಟ್ಟವರಲ್ಲ. ಅಮ್ಮ ಬಡಿಸಿ, ಹೆಂಗೈತೆ ಎಂದು ಕೇಳುವಳು. ಅಪ್ಪ, ಹೂಂ ಅನ್ನುವರು. ಆ ಹೂಂ ಗಿಡ್ಡವಾಗಿದ್ದರೆ ಉಪ್ಪು ಕಡಿಮೆ, ಉದ್ದವಾಗಿದ್ದರೆ ಚೆನ್ನಾಗಿದೆ, ಮೂಗಿನಿಂದ ಬಂದರೆ ಖಾರ ಮುಂದು ಎಂದು ಅಮ್ಮ ತಾನೇ ಅರ್ಥ ಮಾಡಿಕೊಂಡು ಸಂಸಾರ ಮಾಡಿದಳು. ರುಕ್ಮಿಣಿಗೆ ಆ ವಿದ್ಯೆ ಕಲಿಯಲು ಹೂಂಕಾರವೇ ಉಳಿದಿರಲಿಲ್ಲ.

ಹೀಗಿರುವಾಗ ಒಂದು ದಿನ ನಾಗಮ್ಮನವರು ಅಡುಗೆಯ ಪುಸ್ತಕ ಹಿಂದಕ್ಕೆ ತಂದರು. ಸಿಹಿಯ ಪುಟಗಳನ್ನು ಹೊಗಳಿ ಮುಗಿಸಿ, ಒಂದು ಕಡೆ ಮಾತ್ರ ತಪ್ಪಿದೆ ಎಂದು ನಕ್ಕರು. ಕಾಳನ್ನೂ ಸೊಪ್ಪನ್ನೂ ಬೇಯಿಸಿ, ಬಸಿದು, ಆ ನೀರನ್ನು ಚೆಲ್ಲಿ, ಉಳಿದದ್ದಕ್ಕೆ ಒಗ್ಗರಣೆ ಹಾಕಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ನಮ್ಮ ಸೀಮೆಯಲ್ಲಿ ಬಸಿದ ಸೊಪ್ಪು ಪಲ್ಯ, ಬಸಿದ ನೀರೇ ಸಾರು. ಆ ಬಸ್ಸಾರು ಇಲ್ಲದೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಅದನ್ನು ಚೆಲ್ಲಿ ಎನ್ನುವುದು, ಹಸು ಕರೆದು ಹಾಲು ಚೆಲ್ಲಿ ಗಿಂಡಿ ತೊಳೆದಿಡಿ ಎಂದ ಹಾಗೆ.

ಆಗ ಮೂಲೆಯಿಂದ ಅಪ್ಪನ ದನಿ ಬಂತು. “ಚೆಲ್ಲಾದಾ? ಎಲ್ಲಿಗೆ ಚೆಲ್ಲಾದು?”

ಸಾಕು ಎನ್ನುವ ಮಾತೊಂದನ್ನು ಬಿಟ್ಟು ಅವರ ಬಾಯಿಂದ ಬೇರೆ ಮಾತು ಕೇಳಿ ಎಷ್ಟೋ ತಿಂಗಳಾಗಿತ್ತು. ಅವರು ಕೈ ಚಾಚಿ ಪುಸ್ತಕ ಇಸಿದುಕೊಂಡರು. ಕೂಲಿಮಠದಲ್ಲಿ ಕಲಿತ ಓದು. ಬೆರಳಿಟ್ಟು, ಅಕ್ಷರ ಅಕ್ಷರಕ್ಕೂ ತುಟಿ ಆಡಿಸಿ, ಆ ಪುಟವನ್ನು ಕೊನೆತನಕ ಓದಿದರು. ಓದಿ, ಹಿಂದಿನ ಪುಟ ತಿರುಗಿಸಿದರು. ಅಲ್ಲಿಂದ ಮುಂದೆ ಬೆಳಗಾದರೆ ಅಪ್ಪನಿಗೂ ಪುಸ್ತಕ ಬರೆದ ಆ ಅಪರಿಚಿತ ತಾಯಿಗೂ ಜಗಳ. ಎಲ್ಲದಕ್ಕೂ ಏಲಕ್ಕಿ ಹಾಕುತ್ತಾಳಲ್ಲ, ಇವಳ ಹಿತ್ತಲಲ್ಲಿ ಏಲಕ್ಕಿ ತೋಟ ಇದೆಯೇನೋ ಅನ್ನುವರು. ಮುದ್ದೆಯ ಬಗ್ಗೆ ಒಂದಕ್ಷರ ಇಲ್ಲದ್ದನ್ನು ಕಂಡು, ಹಾಗಾದರೆ ಇವರ ಮನೆಯಲ್ಲಿ ಊಟಕ್ಕೆ ಏನು ಮಾಡುತ್ತಾರೆ ಎಂದು ನಿಜವಾಗಿಯೂ ಚಿಂತೆ ಮಾಡುವರು. ವೇದಾಂತದ ಪುಸ್ತಕ, ದೇವರನಾಮದ ಪುಸ್ತಕ, ಸಮಾಧಾನ ಹೇಳುವ ಪುಸ್ತಕ ಎಂದು ನೆಂಟರು ತಂದಿಟ್ಟು ಹೋದದ್ದನ್ನೆಲ್ಲ ಮುಟ್ಟಿಯೂ ನೋಡದವರು, ಈ ತಪ್ಪು ಪುಸ್ತಕವನ್ನು ಕಂಕುಳಿಂದ ಇಳಿಸಲಿಲ್ಲ. ಒಪ್ಪುವ ಪುಸ್ತಕ ನಿದ್ದೆ ತರಿಸುತ್ತದೆ, ಒಪ್ಪದ ಪುಸ್ತಕ ಎದ್ದು ಕೂರಿಸುತ್ತದೆ ಎಂದು ನನಗೆ ಆಗ ಹೊಳೆಯಿತು. ಆದರೂ ಊಟ ಮಾತ್ರ ಅದೇ ನಾಲ್ಕು ತುತ್ತು.

ಜಗಳದ ನಡುವೆ ಅವರು ಅಮ್ಮನ ಅಡುಗೆಯನ್ನು ಸಾಕ್ಷಿಗೆ ಕರೆಯುತ್ತಿದ್ದರು. ಅವಳು ಹಿಂಗ್ ಮಾಡ್ತಿರ್ಲಿಲ್ಲ, ಹಂಗ್ ಮಾಡ್ತಿದ್ಲು ಎಂದು. ನಾನು ಬೆರಗಾದೆ. ಅಡುಗೆಮನೆಯ ಹೊಸ್ತಿಲು ಒಮ್ಮೆಯೂ ದಾಟದ ಈ ಮನುಷ್ಯನಿಗೆ ಇದೆಲ್ಲ ಹೇಗೆ ಗೊತ್ತು? ರುಕ್ಮಿಣಿ ಬೆರಗಾಗುತ್ತ ಕೂರಲಿಲ್ಲ. ಒಂದು ಬೆಳಿಗ್ಗೆ ಸೊಪ್ಪಿನ ಮೊರ ಹಿಡಿದು ಹೊರಗೆ ಬಂದು, “ಮಾವ, ನೀವು ಒಳಕ್ಕೆ ಬಂದು ಹೇಳ್ಕೊಡಿ. ಅತ್ತೆ ಮಾಡ್ದಂಗೇ ಮಾಡ್ತೀನಿ” ಅಂದಳು.

ಅಪ್ಪ ಎದ್ದು ಹೋಗಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತರು. ಹುರುಳಿಕಾಳು, ಹೊಲದ ಬದುವಿನ ಬೆರಕೆ ಸೊಪ್ಪು ಬೇಯತೊಡಗಿದವು. ಪಾಠ ಶುರುವಾದ ಮೇಲೆಯೇ ಅವರ ವಿದ್ಯೆಯ ಗುಟ್ಟು ತಿಳಿದದ್ದು. ಅವರು ಅಮ್ಮನ ಅಡುಗೆಯನ್ನು ಕಂಡವರಲ್ಲ, ಜಗಲಿಯಲ್ಲಿ ಕೂತು ಕೇಳಿದವರು. ಎಷ್ಟು ಮೆಣಸಿನಕಾಯಿ ಎಂದರೆ ಗೊತ್ತಿಲ್ಲ. ಒರಳುಕಲ್ಲಿನ ಸದ್ದು ಮೊದಲು ಗರಗರ ಎಂದು ಆಮೇಲೆ ಮೆತ್ತಗಾಗಬೇಕು, ಮೆತ್ತಗಾದ ಮೇಲೂ ಅವಳ ಬಳೆ ಇನ್ನೊಂದಿಷ್ಟು ಹೊತ್ತು ಆಡುತ್ತಿತ್ತು ಎಂಬುದು ಗೊತ್ತು. ಬೆಳ್ಳುಳ್ಳಿ ಜಜ್ಜುವುದು ಒಗ್ಗರಣೆಗೆ ಮುಂಚೆಯೇ ಹೊರತು ಆಮೇಲಲ್ಲ ಎಂಬುದು ಗೊತ್ತು. ಸಾಸಿವೆ ಪೂರ್ತಿ ಸುಮ್ಮನಾಗುವ ಮುಂಚೆ ಸೊರ್ ಎಂದು ಸಾರು ಬೀಳಬೇಕು. ಹೀಗೆ ಮೇಳದವರಿಗೆ ತಾಳ ಹೇಳಿದ ಹಾಗೆ ಹೇಳುತ್ತ ಹೋದರು, ಅವಳು ಮಾಡುತ್ತ ಹೋದಳು. ಹೂಂ ಎಂದು ಊಟ ಮುಗಿಸಿದ ಈ ಮನುಷ್ಯ ಇಷ್ಟು ವರ್ಷ ಅಮ್ಮನನ್ನು ಕೇಳಿಸಿಕೊಳ್ಳುತ್ತಲೇ ಇದ್ದರಲ್ಲ ಎಂದು ನನ್ನ ಕಣ್ಣು ತುಂಬಿತು. ಒಲೆಯ ಹೊಗೆ ಇದ್ದದ್ದು ಒಳ್ಳೆಯದಾಯಿತು.

ಕೊನೆಗೆ ರುಕ್ಮಿಣಿ, ಉಪ್ಪು ಎಷ್ಟು ಎಂದು ಕೇಳಿದಳು. ಅಪ್ಪ ಬಾಯಿ ತೆರೆದವರು ಹಾಗೇ ಮುಚ್ಚಿದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಹೇಳಿದರು. “ಉಪ್ಪು ಹಾಕಾಕೆ ಸದ್ದಿಲ್ವಲ್ಲಮ್ಮ.”

ಅವಳು ಉಪ್ಪಿನ ಗಡಿಗೆಗೆ ಕೈ ಹಾಕಿ, ತನಗೆ ತೋಚಿದಷ್ಟು ಹಾಕಿದಳು. ಹುಣಿಸೆಹಣ್ಣಿನ ವಿಷಯದಲ್ಲೂ ಹಾಗೇ ಆಯಿತೆಂದು ಕಾಣುತ್ತದೆ.

ಅಪ್ಪನೂ ನಾನೂ ಊಟಕ್ಕೆ ಕೂತೆವು. ಅವಳು ಅಪ್ಪನ ಎಲೆಗೆ ಮುದ್ದೆ ಇಟ್ಟು, ಪಲ್ಯ ಇಟ್ಟು, ಸಾರು ಬಿಟ್ಟು, ಸೌಟು ಹಿಡಿದು ಅಲ್ಲೇ ನಿಂತಳು. ಅಪ್ಪ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದರು. ಇನ್ನೊಂದು ತುತ್ತು ನುಂಗಿದರು. ಆಮೇಲೆ ತಲೆ ಅಲ್ಲಾಡಿಸಿ, “ಇದು ಅವಳ ಸಾರಲ್ಲ” ಅಂದರು.

ರುಕ್ಮಿಣಿಯ ಮುಖ ಬಾಡಿತು. ಅಪ್ಪ ಮೂರನೆಯ ತುತ್ತು ನುಂಗಿ, ಎಲೆಯನ್ನು ನೋಡುತ್ತಲೇ ಮುಂದುವರಿಸಿದರು.

“ಅವಳ್ದು ಇನ್ ಬರಲ್ಲ. ಇದು ನಿಂದು. ಚೆನ್ನಾಗೈತೆ ಕಣಮ್ಮ. ಅವಳಿಗೆ ಒಂದಿನಾನೂ ಹಿಂಗಂತ ಬಾಯ್ಬುಟ್ಟು ಹೇಳ್ಲಿಲ್ಲ ನಾನು. ಇನ್ನೊಂದ್ ಸೌಟು ಬುಡು.”

ಅವಳು ಬಿಟ್ಟಳು. ಅಪ್ಪ ಆ ಮುದ್ದೆಯನ್ನು ಪೂರ್ತಿ ಮುಗಿಸಿದರು. ಮುಗಿಸಿ, ಬೆರಳು ನೆಕ್ಕಿ, “ನಾಳೀಕೆ ಏನ್ಮಾಡ್ತೀಯಾ?” ಎಂದು ಕೇಳಿದರು. ಅಮ್ಮ ಹೋದ ಮೇಲೆ ಅವರು ನಾಳೆ ಎಂಬ ಮಾತನ್ನು ಆಡಿದ್ದು ಅದೇ ಮೊದಲು. ರುಕ್ಮಿಣಿ ಸೆರಗಿನಿಂದ ಮೂಗು ಒರೆಸಿಕೊಂಡು, ಉಪ್ಸಾರು ಮಾಡಲೇ ಎಂದಳು. ಮಾಡು, ಖಾರ ಮುಂದಾಗಿರಲಿ ಎಂದು ಅಪ್ಪ ಕೈ ತೊಳೆಯಲು ಎದ್ದರು.

ನನಗೆ ಅಪ್ಪನ ಮಾತು ನಾಟಿತ್ತು. ಮೆಚ್ಚುಗೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೂತರೆ ಕೇಳಬೇಕಾದವರು ಕಾಯುತ್ತ ಇರುವುದಿಲ್ಲ, ಹೇಳುವುದಾದರೆ ಈಗಲೇ ಹೇಳಿಬಿಡಬೇಕು. ಎದೆ ತುಂಬಿ, ಮದುವೆಯಾದಾಗಿನಿಂದ ಹೇಳದ ಮಾತನ್ನು ಅಂದು ಹೇಳಿಯೇಬಿಟ್ಟೆ. “ನಿಜ ರುಕ್ಮಿಣಿ, ಸಾರು ಬಹಳ ಚೆನ್ನಾಗಿದೆ.”

ಅವಳು ನನ್ನನ್ನು ನೋಡಿದಳು, ನನ್ನ ಎಲೆಯನ್ನು ನೋಡಿದಳು. “ನಿಮ್ಗಿನ್ನೂ ಬಡ್ಸೇ ಇಲ್ವಲ್ಲ” ಅಂದಳು.