ಕಲ್ಲನ್ನು ‘ಅವನು’ ಅಂದವರು

ಆ ಚಿತ್ರಮಂದಿರದಲ್ಲಿ ಹರಿದ ಸೀಟುಗಳನ್ನು ಹೊಲಿಯುವವಳನ್ನು ಎಲ್ಲರೂ ಸೂಜಿಯಕ್ಕ ಅನ್ನುತ್ತಿದ್ದರು. ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ನಡುವೆ ಹಾಲಿನಲ್ಲಿ ದೀಪ ಹಾಕಿಸಿಕೊಂಡು, ಸಾಲು ಸಾಲು ಬಗ್ಗಿ ನೋಡುತ್ತ ಹೋಗುತ್ತಿದ್ದಳು. ಯಾರೋ ಬೀಗದ ಕೈಯಿಂದ ಗೀರಿದ ರೆಕ್ಸಿನ್ನು, ಯಾರೋ ಬೇಜಾರಿಗೆ ಬೆರಳು ತೂರಿಸಿ ಕಿತ್ತ ಸ್ಪಂಜು, ಹೀರೋ ಬಂದಾಗ ಯಾರೋ ಹತ್ತಿ ಕುಣಿದು ಮುರಿದ ಒರಗು. ಕೈಯಲ್ಲಿ ಬಾಗಿದ ಸೂಜಿ, ಬಾಯಲ್ಲಿ ಕಚ್ಚಿಕೊಂಡ ಸಣ್ಣ ಮೊಳೆಗಳು. ಮೊಳೆಗಳಿಂದಾಗಿ ಅವಳಿಗೆ ಮಾತು ಕಡಿಮೆ, ಕಿವಿ ಜಾಸ್ತಿ.

ಮೊದಲು ಈ ಕೆಲಸ ಅಪ್ಪನದು. ಅವನ ಕೈ ನಡುಗಲು ಶುರುವಾದ ಮೇಲೆ ಸೂಜಿ ಇವಳ ಪಾಲಿಗೆ ಬಂತು, ಅವನು ಹೋದ ಮೇಲೆ ತಮ್ಮನೂ ಇವಳ ಪಾಲಿಗೆ ಬಂದ. ಮದುವೆಯ ಮಾತೆತ್ತಿದವರಿಗೆಲ್ಲ “ನನ್ನ ಜೊತೆ ನನ್ನ ತಮ್ಮನೂ ಬರ್ತಾನೆ” ಎಂದು ಮೊದಲೇ ಹೇಳಿಬಿಡುತ್ತಿದ್ದಳು. ಬಂದವರು ತಮ್ಮನನ್ನು ಒಮ್ಮೆ ನೋಡಿ, ಟೀ ಕುಡಿದು ಎದ್ದು ಹೋಗುತ್ತಿದ್ದರು. ಒಬ್ಬರಂತೂ ಟೀ ಆರುವಷ್ಟೂ ಕಾಯಲಿಲ್ಲ.

ತಮ್ಮ ಎತ್ತರದ ಆಳು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕು. ಚಿಕ್ಕಂದಿನಲ್ಲಿ ಬಂದ ಜ್ವರ ಅವನ ಮುಖದ ಎಡಭಾಗವನ್ನು ಮರಗಟ್ಟಿಸಿ ಹೋಗಿತ್ತು. ಆ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಆ ತುಟಿ ಏಳುತ್ತಿರಲಿಲ್ಲ. ಮಾತು ನಿಧಾನ, ನಾಲಿಗೆ ದಪ್ಪ. ಓದು ಬರಹ, ಲೆಕ್ಕ ಎಲ್ಲ ಬರುತ್ತಿತ್ತು. ಅಕ್ಕನಿಗೆ ಸ್ಪಂಜು ಹೊತ್ತು ತರುವುದು, ಸೀಟು ಬಿಚ್ಚಿ ಹಿಡಿದುಕೊಳ್ಳುವುದು ಅವನ ಕೆಲಸ. ಮೂವತ್ತು ದಾಟಿದ್ದರೂ ಅಕ್ಕನಿಗೆ ಅವನು ಇನ್ನೂ ‘ಮರಿ’.

ಆ ಸಲ ಬಂದ ಸಿನಿಮಾ ಜನರಿಗೆ ಹುಚ್ಚು ಹಿಡಿಸಿತು. ಬೆಟ್ಟದ ಮೇಲೊಂದು ಹಾಳು ಬಂಗಲೆ, ಯಾವಾಗಲೂ ಮಂಜು. ಬಂಗಲೆಯ ಬಾಗಿಲಿನ ಕಲ್ಲಿನ ವಿಗ್ರಹಕ್ಕೆ ಅರ್ಧ ಜೀವ ಬರುತ್ತದೆ. ಅದರ ಮುಖದ ಒಂದು ಪಕ್ಕ ಮನುಷ್ಯನದು, ಇನ್ನೊಂದು ಪಕ್ಕ ಕಲ್ಲೇ. ಕೆಳಗಿನ ಊರಿನ ಹುಡುಗಿ ಅವನಿಗೆ ಮನಸ್ಸು ಕೊಡುತ್ತಾಳೆ, ಊರಿನವರು ಪಂಜು ಹಿಡಿದು ಬೆಟ್ಟ ಹತ್ತುತ್ತಾರೆ, ಹುಡುಗಿಯನ್ನು ಉಳಿಸಲು ಹೋಗಿ ಅವನು ಪೂರ್ತಿ ಕಲ್ಲಾಗುತ್ತಾನೆ. ಆಟ ಬಿಟ್ಟಾಗ ಜನ ಮೂಗು ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು.

“ಅವನ ತಪ್ಪೇನಿತ್ತು ಹೇಳೇ? ಹುಟ್ಟಿದ್ದೇ ಹಾಗೆ.”

“ಯಾರಾದ್ರೂ ಒಬ್ಬರು ಅವನ ಹತ್ರ ನೆಟ್ಟಗೆ ಮಾತಾಡಿದ್ರೆ ಸಾಕಿತ್ತು, ಪಾಪ.”

“ನಮ್ಮ ಯಜಮಾನರಿಗೆ ಅರ್ಧ ಕಲ್ಲಿನ ಎದೆ, ಅವರೂ ಅತ್ತುಬಿಟ್ರು!”

“ನಿಮ್ಮ ಯಜಮಾನರು ಪುಣ್ಯವಂತರು. ನಮ್ಮವರಿಗೆ ಪೂರ್ತಿ ಕಲ್ಲು, ಗೊರಕೆ ಹೊಡೀತಿದ್ರು.”

ಹೀಗೆ ಅತ್ತು ನಕ್ಕು ಬರುವವರೇ, ಗೋಡೆಗೆ ಒತ್ತಿ ನಿಂತ ತಮ್ಮನ ಹತ್ತಿರ ಬಂದಾಗ ಹೆಜ್ಜೆ ಓರೆ ಮಾಡುತ್ತಿದ್ದರು. ದಪ್ಪ ಕನ್ನಡಕದ ಒಬ್ಬ ಹೆಂಗಸು, ಕೈಯಲ್ಲಿ ಒದ್ದೆ ಕರವಸ್ತ್ರ ಹಿಡಿದುಕೊಂಡೇ, ಸೂಜಿಯಕ್ಕನಿಗೆ ಹೇಳಿದಳು: “ಅದನ್ನ ಸ್ವಲ್ಪ ಆ ಕಡೆ ಕರ್ಕೊಳ್ಳಮ್ಮ. ಮಕ್ಕಳು ಮರಿ ಓಡಾಡೋ ಜಾಗ.”

ಅದು!

ನಾಯಿಗೆ ಅದು, ಕುರ್ಚಿಗೆ ಅದು, ಎತ್ತಿಕೊಳ್ಳುವ ಕೂಸಿಗೆ ಮುದ್ದಿನಿಂದ ಅದು. ಉಸಿರಾಡುವ ಗಂಡಸಿಗೆ ಇದರಲ್ಲಿ ಯಾವ ಅದು? ಪರದೆಯ ಮೇಲಿನ ಕಲ್ಲನ್ನು ‘ಅವನು, ಅವನು’ ಎಂದು ಕಣ್ಣೀರು ಹಾಕಿ ಬಂದ ಬಾಯಿ, ಬಾಗಿಲು ದಾಟುವಷ್ಟರಲ್ಲಿ ಹೀಗೆ ತಿರುಗಿತಲ್ಲ! ಸೂಜಿಯಕ್ಕ ಮೊಳೆ ಉಗುಳಿ ಉತ್ತರ ಕೊಡುವಷ್ಟರಲ್ಲಿ ಹೆಂಗಸು ಮೆಟ್ಟಿಲು ಇಳಿದಿದ್ದಳು. ಅವತ್ತಿಡೀ ಸೂಜಿಯಕ್ಕ ರೆಕ್ಸಿನ್ನಿಗೆ ಸೂಜಿ ಚುಚ್ಚಿದ್ದು ಹೊಲಿಯುವವರ ಹಾಗಿರಲಿಲ್ಲ. ‘ದೇವರೇ, ನೀನೂ ಇವರ ಜೊತೆ ಟಿಕೆಟ್ ತಗೊಂಡು ಒಳಗೆ ಅಳ್ತಾ ಕೂತಿದ್ದೀಯಾ? ಹೊರಗೆ ಬಂದು ಸ್ವಲ್ಪ ನೋಡು’ ಎಂದು ಪ್ರತಿ ಹೊಲಿಗೆಗೂ ಕೇಳಿದಳು.

ಮರುದಿನ ಮ್ಯಾನೇಜರು ಒಂದು ಕಪ್ಪು ಕೋಟು ಹಿಡಿದುಕೊಂಡು ಬಂದ. ಮೊಣಕಾಲಿನವರೆಗೆ ಇಳಿಬಿದ್ದ, ಎತ್ತರದ ಕಾಲರಿನ ಕೋಟು, ಸಿನಿಮಾದ ಕಲ್ಲಿನ ಮನುಷ್ಯನದರ ಹಾಗೆಯೇ.

“ಸೂಜಿಯಕ್ಕ, ಗೇಟಿನವನು ಬೇರೆ ಕೆಲಸ ಸಿಕ್ತು ಅಂತ ಬಿಟ್ಟು ಹೋದ. ನಿನ್ನ ತಮ್ಮನ್ನ ಈ ಕೋಟು ಹಾಕಿ ಗೇಟಲ್ಲಿ ನಿಲ್ಲಿಸೋಣ. ಟಿಕೆಟ್ ಹರಿದು ಕೊಡಲಿ. ಜನ ಫೋಟೋ ತೆಗೆಸಿಕೊಳ್ತಾರೆ, ಹೆಸರು ಬರುತ್ತೆ. ಒಂದು ಪಕ್ಕಕ್ಕೆ ಸ್ವಲ್ಪ ಬೂದಿ ಬಣ್ಣ ಬಳಿದರೆ ಆಯ್ತು. ಉಳಿದ ಮೇಕಪ್ಪೆಲ್ಲ ದೇವರೇ ಮಾಡಿ ಕಳಿಸಿದ್ದಾನೆ!”

“ದೇವರ ಹೆಸರು ಬಾಯಲ್ಲಿ ತರಬೇಡಿ ಸ್ವಾಮಿ!” ಸೂಜಿಯಕ್ಕ ಎದ್ದು ನಿಂತಳು. “ನಿಮ್ಮ ಮನೆ ಮಕ್ಕಳನ್ನ ಹೀಗೆ ಬಾಗಿಲಿಗೆ ಗೊಂಬೆ ಮಾಡಿ ನಿಲ್ಲಿಸ್ತೀರಾ? ಅದಕ್ಕೇನು ಗೊತ್ತಾಗುತ್ತೆ ಪಾಪ! ಅದೇ ತಾನೇ ನಿಮ್ಮ ಧೈರ್ಯ?”

ಹಿಂದಿನಿಂದ ದಪ್ಪ ದನಿ ಬಂತು. “ನಾನು ನಿಲ್ತೀನಿ.”

“ನೀನು ಸುಮ್ಮನಿರು ಮರಿ.”

“ನಿಲ್ತೀನಿ,” ಎಂದು ತಮ್ಮ ಕೋಟು ತೆಗೆದುಕೊಂಡ. ತೋಳು ಅಳತೆಗೆ ಸರಿಯಾಗಿ ಕೂತವು.

ಅವನು ಒಂದು ಪಕ್ಕಕ್ಕೆ ಬೂದಿ ಬಣ್ಣ ಬಳಿಸಿಕೊಂಡು ಗೇಟಿನಲ್ಲಿ ನಿಂತದ್ದೇ ತಡ, ಓರೆ ಹೆಜ್ಜೆಗಳೆಲ್ಲ ನೇರವಾದವು. ಹುಡುಗಿಯರು ಅವನ ಎರಡು ಪಕ್ಕಕ್ಕೂ ಬಂದು ನಿಂತರು. ತಂದೆಯೊಬ್ಬ ಮಗುವನ್ನು ಅವನ ಕೈಗೇ ಕೊಟ್ಟ. ಯಾರೋ ಭುಜದ ಮೇಲೆ ಕೈಯಿಟ್ಟರು. ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡಿ ಸೂಜಿಯಕ್ಕನ ಸಿಟ್ಟು ಇಳಿಯುವ ಬದಲು ಏರಿತು. ನಿನ್ನೆಯೂ ಇದೇ ಭುಜ ಇಲ್ಲೇ ಇತ್ತಲ್ಲ, ಆಗ ಯಾರ ಕೈಗೂ ಕಾಣಲಿಲ್ಲವೇ? ತಮ್ಮನ ಬಲಗಣ್ಣು ಮಾತ್ರ ನಗುತ್ತಿತ್ತು. ಅಂಥ ನಗು ಅವನ ಮುಖದಲ್ಲಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಸಂಜೆಯ ಆಟಕ್ಕೆ ಕನ್ನಡಕದ ಹೆಂಗಸು ಮತ್ತೆ ಬಂದಳು. ಇದು ಅವಳಿಗೆ ಮೂರನೆಯ ಸಲವಂತೆ. ಬಂದವಳೇ ತಮ್ಮನ ತೋಳಿಗೆ ತೋಳು ಸೇರಿಸಿ, “ಎಷ್ಟು ಚೆನ್ನಾಗಿ ವೇಷ ಹಾಕಿದ್ದಾರೆ ನೋಡಿ! ಇವರು ಯಾವ ನಾಟಕ ಕಂಪನಿಯವರು?” ಎಂದು ಜೊತೆಯವರನ್ನು ಕೇಳಿದಳು.

ತಮ್ಮ ಅವಳ ಕಡೆ ತಿರುಗಿ, ಒಂದೊಂದೇ ಅಕ್ಷರ ಜೋಡಿಸಿ ಕೇಳಿದ: “ಸಿನಿಮಾ... ಅಷ್ಟು ಇಷ್ಟ ಆಯ್ತಾ?”

ಹೆಂಗಸು ಅವನ ತುಟಿ ನೋಡಿದಳು. ಕಣ್ಣು ನೋಡಿದಳು. ತೋಳು ಕಿತ್ತುಕೊಂಡು ಹಿಂದೆ ಸರಿದಳು. “ಅಯ್ಯಯ್ಯೋ, ಇದು ಬಣ್ಣ ಅಲ್ವಾ? ಇದು ನಿಜವಾಗ್ಲೂ ಹೀಗೇನಾ!”

ಸೂಜಿಯಕ್ಕ ಹೊರಗೆ ಬಂದಳು. “ಇದು ಅಲ್ಲಮ್ಮ, ಇವನು! ಒಳಗೆ ಕಲ್ಲಿಗೆ ಅವನು ಅಂತ ಬೊಗಸೆ ಬೊಗಸೆ ಕಣ್ಣೀರು ಹಾಕ್ತೀರಲ್ಲ, ಒಂದು ಹನಿ ಮಿಗಿಸಿಕೊಂಡು ಹೊರಗೆ ಬರೋಕಾಗಲ್ವಾ? ಪಂಜು ಹಿಡಿದು ಬಂದ ಊರಿನವರನ್ನ ಬೈದ್ರಲ್ಲ, ಅವರಾದರೂ ಮುಖಕ್ಕೆ ಮುಖ ಕೊಟ್ಟು ಬಂದರು. ನೀವು ತೋಳು ಹಿಡ್ಕೊಂಡು ಬಂದು, ಮುಖ ನೋಡಿ ಕಿತ್ಕೊಂಡು ಓಡ್ತೀರಿ!”

ಸಾಲಿನಲ್ಲಿದ್ದವರು ನೆಲ ನೋಡಿದರು. ಹೆಂಗಸಿನ ಮುಖ ಸುಟ್ಟಂತಾಯಿತು. “ನಾನೇನಂದೆ ಅಂತ...” ಎನ್ನುತ್ತ ಒಳಗೆ ಹೋಗಿ ಕತ್ತಲಲ್ಲಿ ಸೇರಿಕೊಂಡಳು.

ಮರುದಿನ ಬೆಳಿಗ್ಗೆ ಖಾಲಿ ಹಾಲಿನಲ್ಲಿ ತಮ್ಮ ಸೀಟು ಬಿಚ್ಚಿ ಹಿಡಿದುಕೊಂಡಿದ್ದ. ಮುಖ ಗಂಟಿಕ್ಕಿತ್ತು.

“ಅವಳು ಇವತ್ತು ಬರಲ್ಲ,” ಎಂದ. “ನೀನು ಬೈದೆ. ನಾನು ಕೇಳಿದ್ದಕ್ಕೆ ಅವಳು ಉತ್ತರ ಕೊಡಬೇಕಿತ್ತು.”

“ಅವಳು ನಿನ್ನ ಏನಂದ್ಲು ಗೊತ್ತಾ?”

“ಗೊತ್ತು. ನೀನೂ ಅಂದೆ.”

“ನಾನಾ? ಯಾವಾಗ?”

“ಮ್ಯಾನೇಜರ್ ಹತ್ರ. ಅದಕ್ಕೇನು ಗೊತ್ತಾಗುತ್ತೆ ಅಂದೆ.”

“ಅದು ಮುದ್ದಿಗೆ ಅಂದಿದ್ದು ಕಣೋ!”

“ಅವರು ಹೆದರಿ ಅಂತಾರೆ, ನೀನು ಮುದ್ದಿಗೆ ಅಂತೀಯ. ಕೇಳಿಸಿಕೊಳ್ಳೋನು ನಾನೊಬ್ಬನೇ.”

ಇಷ್ಟು ದಿನ ಸೂಜಿಯಕ್ಕನ ಸಿಟ್ಟಿಗೆ ನಿಲ್ಲಲು ಗಟ್ಟಿ ನೆಲವಿತ್ತು. ಈಗ ಕಾಲ ಕೆಳಗಿನ ಹಲಗೆಯನ್ನೇ ಯಾರೋ ಎಳೆದಂತಾಯಿತು. ಊರಿಗೆಲ್ಲ ಬೈಯಬಹುದು, ಮುದ್ದಿಗೆ ಯಾರು ಬೈಯಬೇಕು? ಸೂಜಿ ಬೆರಳಿಗೆ ಚುಚ್ಚಿತು. ಸರಿಯಾಗಿಯೇ ಆಯಿತು ಅಂದುಕೊಂಡಳು.

ಅಷ್ಟರಲ್ಲಿ ಮ್ಯಾನೇಜರು ಬಂದ. “ನೋಡು ಸೂಜಿಯಕ್ಕ, ನಿನ್ನೆ ಮಾಡಿದ ರಂಪ ಸಾಕು. ಇವತ್ತಿಂದ ಇವನು ಬಾಯಿ ಬಿಡಬಾರದು. ಕಲ್ಲು ಮಾತಾಡಲ್ಲ.”

“ಸಿನಿಮಾದಲ್ಲಿ ಮಾತಾಡ್ತಾನೆ,” ಎಂದ ತಮ್ಮ.

ಮ್ಯಾನೇಜರು ಅವನತ್ತ ನೋಡಲೇ ಇಲ್ಲ. “ಏನಮ್ಮ, ಏನು ಹೇಳ್ತೀಯ? ನಿಲ್ಲಿಸ್ತೀಯೋ ಇಲ್ವೋ?”

ಬೈಗುಳವೊಂದು ನಾಲಿಗೆಯ ತುದಿಗೆ ಬಂದಿತ್ತು. ಸೂಜಿಯಕ್ಕ ಅದನ್ನು ನುಂಗಿ, ಹಲ್ಲು ಕಚ್ಚಿ ಹೇಳಿದಳು: “ನನ್ನನ್ನ ಯಾಕೆ ಕೇಳ್ತೀರಿ? ನಿಲ್ಲೋನು ಅವನು. ಅವನನ್ನೇ ಕೇಳಿ.”

ಮ್ಯಾನೇಜರಿಗೆ ಕತ್ತೆತ್ತಿ ನೋಡಬೇಕಾಯಿತು. “ಸರಿಯಪ್ಪ, ಏನಂತೀಯ?”

ತಮ್ಮ ಬಹಳ ಹೊತ್ತು ಯೋಚಿಸಿದ. ಅಕ್ಕನ ಬಾಯಿ ಎರಡು ಸಲ ತೆರೆಯಿತು, ಎರಡು ಸಲವೂ ಅವಳೇ ಮುಚ್ಚಿಕೊಂಡಳು.

“ಕೋಟು ಬೇಕು. ಚೆನ್ನಾಗಿದೆ,” ಎಂದ. “ಬಣ್ಣ ಬೇಡ. ಮಾತಾಡ್ತೀನಿ.”

“ಬಣ್ಣ ಇಲ್ಲದೆ ಜನ ಹೆದರಿದರೆ?”

“ಟಿಕೆಟ್ ತಗೊಂಡಿದ್ದಾರೆ. ಒಳಗೆ ಹೋಗಲೇಬೇಕು.”

ಮ್ಯಾನೇಜರು ಗೇಟಿಗೆ ಬೇರೆ ಯಾರಿದ್ದಾರೆ ಎಂದು ಮನಸ್ಸಿನಲ್ಲೇ ಹುಡುಕಿದ. ಯಾರೂ ಇರಲಿಲ್ಲ. ಗೊಣಗುತ್ತ ಹೋದ.

ಮಧ್ಯಾಹ್ನದ ಆಟಕ್ಕೆ ತಮ್ಮ ತನ್ನದೇ ಮುಖ ಇಟ್ಟುಕೊಂಡು ಗೇಟಿನಲ್ಲಿ ನಿಂತ. ಭುಜದ ಮೇಲೆ ಇವತ್ತು ಯಾರ ಕೈಯೂ ಇರಲಿಲ್ಲ. ಕೆಲವರು ಟಿಕೆಟನ್ನು ಬೆರಳ ತುದಿಯಲ್ಲಿ ಹಿಡಿದು ಕೊಟ್ಟರು. ಇಬ್ಬರು ಹುಡುಗಿಯರು ಪಕ್ಕದ ಬಾಗಿಲು ಹುಡುಕಿದರು, ಅದಕ್ಕೆ ಬೀಗ ಹಾಕಿತ್ತು. ಒಳಗೆ ಕೂತ ಸೂಜಿಯಕ್ಕ ಒಂದೊಂದನ್ನೂ ನೋಡಿ ಕುದಿಯುತ್ತಿದ್ದಳು.

ಆಗ ಸಾಲಿನ ಹಿಂದಿನಿಂದ ಒಬ್ಬ ದಪ್ಪ ಮನುಷ್ಯ ನುಗ್ಗಿ ಬಂದು ಗದರಿದ: “ಏನ್ರೀ, ಎಷ್ಟು ಹೊತ್ರೀ ಒಂದು ಟಿಕೆಟ್ ಹರಿಯೋಕೆ? ಪಿಕ್ಚರ್ ಮುಗಿದ ಮೇಲೆ ಒಳಗೆ ಬಿಡ್ತೀರಾ?”

ಸೂಜಿಯಕ್ಕ ಧಡಕ್ಕನೆ ಎದ್ದಳು. ಎರಡು ಹೆಜ್ಜೆ ಇಟ್ಟವಳು, ಆ ಬೈಗುಳ ಇನ್ನೊಮ್ಮೆ ಕಿವಿಯಲ್ಲಿ ಸುಳಿದು, ನಿಂತುಬಿಟ್ಟಳು. ಏನ್ರೀ ಅಂದನಲ್ಲ!

“ನುಗ್ಗಬೇಡಿ ಸ್ವಾಮಿ,” ತಮ್ಮ ತನ್ನ ನಿಧಾನಕ್ಕೇ ಹೇಳಿದ. “ಹಿಂದೆ ಹೋಗಿ. ಸಾಲಲ್ಲಿ ಬನ್ನಿ.”

“ಏನು ಜೋರಿದ್ದಾನಪ್ಪ ಇವನು!” ಎಂದು ಉರಿದುಕೊಳ್ಳುತ್ತ ಆ ಮನುಷ್ಯ ಸಾಲಿನ ಬಾಲಕ್ಕೆ ಹೋದ.

ತಮ್ಮ ಕೋಟಿನ ಕಾಲರು ಸರಿಮಾಡಿಕೊಂಡು, ಮುಂದಿನವರ ಕಡೆ ಕೈ ಚಾಚಿದ.