ಅಕ್ಕೋರಿಗೆ ಸಿಗದ ನಾಡಿ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಕೆಮ್ಮಿ, ಬೇರೆ ಮಾತಾಡಿದ್ದೇನೆ. ನಗುವಂಥ ಸಂಗತಿ. ಅದಕ್ಕೇ ಹೇಳುವುದು ಕಷ್ಟ.

ಗ್ಲೌಸ್ ತೊಟ್ಟರೆಂದರೆ ಅಕ್ಕೋರು ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ಮೂಗಿನ ಮೇಲೆ ನೊಣ ಕೂತರೂ ತಲೆ ಕೊಡವಿಯೇ ಓಡಿಸುತ್ತಿದ್ದರು. ಗೋವಾದ ಸಾಂಕೋಲೆಯ ಒಂದು ಸಣ್ಣ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂಲಿಯವರ ಹೆಣ್ಣುಮಕ್ಕಳಿಗೆ ಅವರು ನರ್ಸ್ ಸಹಾಯಕರ ಕೆಲಸ ಕಲಿಸುತ್ತಿದ್ದರು. ಎರಡು ಸಾವಿರದ ಐದರ ಆಸುಪಾಸು. ಅವರು ಗದಗಿನ ಕಡೆಯವರು. ನಾನು ಸವದತ್ತಿಯವನು, ಆ ಆಸ್ಪತ್ರೆಯ ವಾಚ್‌ಮನ್.

"ಸ್ಟೆರೈಲ್ ಅಂದ್ರ ಮಡಿ, ತಿಳೀತಿಲ್ಲೋ? ಮಡಿಯೊಳಗ ಮೂಗು ತುರಿಸ್ಕೊಂಡಿ, ಮುಗೀತು. ಮತ್ತ ಕೈ ತೊಳಿ!" ಇದು ಅವರ ದಿನದ ಮಂತ್ರ.

ಪಾಠಕ್ಕೆ ಗೊಂಬೆ ಕೊಳ್ಳಲು ಮಾಲೀಕ ಡಾಕ್ಟರು ಒಪ್ಪಲಿಲ್ಲ. ಹಾಗಾಗಿ ಗೊಂಬೆ ನಾನಾದೆ. ಹುಡುಗಿಯರು ನನ್ನ ಬಿ.ಪಿ. ನೋಡುತ್ತಿದ್ದರು, ಬಾಯಲ್ಲಿ ಥರ್ಮಾಮೀಟರ್ ಇಟ್ಟು ಮರೆತು ಚಹಾಕ್ಕೆ ಹೋಗುತ್ತಿದ್ದರು. ಒಮ್ಮೆ ತಲೆ ತುಂಬ ಸುತ್ತಿದ ಬ್ಯಾಂಡೇಜಿನಲ್ಲೇ ಗೇಟಿನಲ್ಲಿ ಹೋಗಿ ನಿಂತೆ. ಹೆರಿಗೆಗೆ ಮಗಳನ್ನು ಕರೆತಂದ ಮುದುಕಿ ನನ್ನನ್ನು ನೋಡಿ, "ವಾಚ್‌ಮನ್‌ಗೇ ಹಿಂಗ ಮಾಡ್ಯಾರಂದ್ರ ನಮ್ಮ ಗತಿ ಏನವ್ವಾ!" ಎಂದು ರಿಕ್ಷಾ ತಿರುಗಿಸಿಬಿಟ್ಟಳು.

ಇಂಗ್ಲಿಷ್ ಶಬ್ದಗಳನ್ನೂ ಅಕ್ಕೋರು ತಮ್ಮದೇ ರೀತಿಯಲ್ಲಿ ಕಲಿಸುತ್ತಿದ್ದರು. "ಟ್ಯಾಕಿಕಾರ್ಡಿಯಾ ಅಂದ್ರ ಎದಿ ಕುದುರಿಯಂಗ ಓಡೂದು. ಬ್ರಾಡಿಕಾರ್ಡಿಯಾ ಅಂದ್ರ ನಮ್ಮ ಬಸಣ್ಣ ಗೇಟ್ ತಗದಂಗ."

ಅಂದಿನಿಂದ ಹುಡುಗಿಯರಿಗೆ ನಾನು ಬ್ರಾಡಿ ಮಾಮಾ.

ನನಗೆ ಉರಿದುಹೋಯಿತು. ಕಂಕುಳಲ್ಲಿ ಚೆಂಡು ಅದುಮಿಕೊಂಡು ಮಣಿಕಟ್ಟಿನ ನಾಡಿ ನಿಲ್ಲಿಸುವ ಗಾರುಡಿಗನೊಬ್ಬನನ್ನು ವಾಸ್ಕೋದಲ್ಲಿ ನೋಡಿದ್ದೆ. ಮಾಲೀಕರು ಪಾಠ ನೋಡಲು ಬಂದ ದಿನ, ಕ್ಯಾಂಟೀನಿನ ಎರಡು ಬಟಾಟೆಗಳನ್ನು ಕಂಕುಳಿಗೊಂದರಂತೆ ಅವುಚಿಕೊಂಡು ಕುಳಿತೆ.

ಅಕ್ಕೋರು ಮಣಿಕಟ್ಟಿನ ಮೇಲೆ ಬೆರಳಿಟ್ಟರು. ಸರಿಸಿದರು. ಇನ್ನೊಂದು ಕೈ ಹಿಡಿದರು. ಮುಖ ಬಿಳಿಚಿತು.

"ಬಸಣ್ಣಾ, ಎದಿ ನೋಯಾಕತ್ತೈತೇನ್ರಿ?"

"ಇಲ್ರೀ ಅಕ್ಕೋರ, ಹಸಿವಿ ಆಗೈತಿ."

"ಮಾತಾಡಬ್ಯಾಡ್ರಿ! ನಾಡೀನ ಇಲ್ಲ ನಿಮಗ!"

ನನ್ನನ್ನು ಮಲಗಿಸಿ, ಕಾಲುಗಳನ್ನು ಕುರ್ಚಿಯ ಮೇಲೇರಿಸಿ, ಆಕ್ಸಿಜನ್ ತರಲು ಹುಡುಗಿಯರನ್ನು ಓಡಿಸಿದರು. ಆ ಗದ್ದಲದಲ್ಲಿ ನಾನು ಬಟಾಟೆಗಳನ್ನು ಚಾದರದೊಳಗೆ ಜಾರಿಸಿದೆ. ಮಾಲೀಕರು ಹತ್ತಿರ ಬಂದು ಮಣಿಕಟ್ಟು ಹಿಡಿದರೆ ನಾಡಿ ಟಕಟಕ ಬಡಿಯುತ್ತಿತ್ತು. ನಾಡಿ ಹಿಡಿಯಲು ಬಾರದವರು ಮಕ್ಕಳಿಗೇನು ಕಲಿಸುತ್ತೀರಿ ಎಂದು ಎಲ್ಲರೆದುರೇ ಹಿಂದಿಯಲ್ಲಿ ಕೇಳಿದರು. ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಅಕ್ಕೋರು ನನ್ನ ಕಡೆ ತಿರುಗಿ ಮೆಲ್ಲಗೆ, "ನನ್ನ ಬೆರಳು ಸುಳ್ಳು ಹೇಳಂಗಿಲ್ಲ ಬಸಣ್ಣಾ. ನಿಮ್ಮ ನಾಡಿ ಬಿಟ್ಟು ಬಿಟ್ಟು ಬರಾಕತ್ತೈತಿ" ಎಂದರು.

ಆಗಲೇ ಹೇಳಬೇಕಿತ್ತು. ಕೆಲಸ ಹೋದೀತೆಂಬ ಹೆದರಿಕೆ ಇತ್ತು, ನಿಜ. ಆದರೆ ಅವರನ್ನು ನೋಡಿ ಎಲ್ಲರೂ ನಕ್ಕದ್ದು ನನಗೆ ಹಿತವಾಗಿತ್ತು, ಅದೂ ನಿಜ.

ಮರುವಾರ ಪಾಠಕ್ಕೆ ಬೇರೆ ನರ್ಸ್ ಬಂದಳು. ಅಕ್ಕೋರನ್ನು ಹತ್ತಿ, ಗಾಯಕ್ಕೆ ಕಟ್ಟುವ ಬಟ್ಟೆ ಮಡಚಲು ಕೂರಿಸಿದರು. ಅವರು ಮಾತ್ರ ದಿನಾ ಬೆಳಿಗ್ಗೆ ನನಗೆ ಉಪ್ಪಿಲ್ಲದ ಅಂಬಲಿ ತರತೊಡಗಿದರು. "ಎದಿಗೆ ಉಪ್ಪು ಚಲೋ ಅಲ್ರಿ. ಗೇಟ್ ಸಾವಕಾಶ ತಗೀರಿ, ಯಾರರ ಬೈದ್ರ ನನ್ನ ಹೆಸರು ಹೇಳ್ರಿ." ನಾನು ಅಂಬಲಿ ಕುಡಿದು, ಮೂಲೆಯ ಗಾಡಿಗೆ ಹೋಗಿ ಭಾಜಿ-ಪಾವ್ ತಿನ್ನುತ್ತಿದ್ದೆ.

ಮಳೆಗಾಲದ ಹೊತ್ತಿಗೆ ಅಕ್ಕೋರು ಕೆಲಸ ಬಿಟ್ಟು ತಮ್ಮನ ಮನೆಗೆ ಹೊರಟರು. ವಾಸ್ಕೋ ಸ್ಟೇಷನ್ನಿಗೆ ನಾನೇ ಕಳಿಸಲು ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಟ್ರಂಕಿಗೆ ಕೈ ಹಾಕಿದೆ, ಅವರು ಕಸಿದುಕೊಂಡರು.

"ಹುಚ್ಚರಿದ್ದೀರೇನು? ಆ ಎದಿ ಇಟ್ಕೊಂಡು ಭಾರ ಎತ್ತತೀರಿ!"

ಟ್ರಂಕನ್ನು ತಾವೇ ತಲೆಯ ಮೇಲಿಟ್ಟುಕೊಂಡು ನಡೆದರು. ಗಟ್ಟಿಮುಟ್ಟಾದ ನಾನು ಬರಿಗೈಯಲ್ಲಿ ಹಿಂದೆ ಹಿಂದೆ. ಪ್ಲಾಟ್‌ಫಾರ್ಮಿನ ಉದ್ದಕ್ಕೂ, ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅವರ ಹೆಸರು ನನ್ನ ಕಣ್ಣ ಮುಂದೆಯೇ ಇತ್ತು: ನೀಲವ್ವ ಹೊಂಬಳ.